ಒಂದು ಮನೆ, ಎರಡು ಬೆಣ್ಣೆ

ಅಕ್ಟೋಬರ್ 6, ಶುಕ್ರವಾರ

ಬರೆಯುವ ಚಟ ನನಗಿಲ್ಲ. ನಲವತ್ತು ವರ್ಷ ಪ್ಯಾರಿಸಿನ ಛಾವಣಿಗಳ ಮೇಲೆ ಕೂತು ಸತುವಿನ ತಗಡು ಬಡಿದವನು ನಾನು. ಕೈಗೆ ಸುತ್ತಿಗೆ ಒಗ್ಗುತ್ತದೆ, ಪೆನ್ನು ಒಗ್ಗುವುದಿಲ್ಲ. ಆದರೆ ಗೊಣಗುವುದಕ್ಕೆ ಮನುಷ್ಯನಿಗೆ ಒಂದು ಜಾಗ ಬೇಕು. ಇಷ್ಟು ವರ್ಷ ಹೆಂಡತಿಯ ಹತ್ತಿರ ಗೊಣಗಿಕೊಂಡೆ. ಈಗ ಮನಸ್ಸಿನಲ್ಲಿರುವುದನ್ನು ಅವಳಿಗೆ ಹೇಳುವ ಹಾಗಿಲ್ಲ, ಅದಕ್ಕೇ ಈ ಪುಸ್ತಕ.

ಇವತ್ತು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ವಿಷಯ ಬಿಡಿಸಿ ಹೇಳಿದರು. ಹೆಂಡತಿ ಗ್ವೆನೋಲಾಳ ಹೊಟ್ಟೆಯ ಗಡ್ಡೆಗೆ ಇನ್ನೊಂದು ಸುತ್ತು ಮದ್ದು ಕೊಡಬೇಕಾದರೆ ಅವಳ ತೂಕ ಇನ್ನು ಇಳಿಯಬಾರದು. ಮೈಯಲ್ಲಿ ಕಸುವಿಲ್ಲದವರಿಗೆ ಅದನ್ನು ಕೊಟ್ಟರೆ ಗಡ್ಡೆಗಿಂತ ಮೊದಲು ಮನುಷ್ಯರೇ ಹೋಗುತ್ತಾರಂತೆ.

“ಊಟ ಸೇರ್ತಿದೆಯಾ?” ಎಂದು ಕೇಳಿದರು.

“ಏನ್ ತಿಂದ್ರೂ ತಗಡು ನೆಕ್ಕಿದ ಹಾಗಿದೆ ಡಾಕ್ಟ್ರೇ. ಬೇಕಾದ್ರೆ ನಮ್ಮನೆಯವರನ್ನ ಕೇಳಿ, ತಗಡಿನ ವಿಷಯ ಅವರಿಗೇ ಚೆನ್ನಾಗಿ ಗೊತ್ತಿರೋದು,” ಅಂದಳು ಗ್ವೆನೋಲಾ.

ಡಾಕ್ಟರಮ್ಮ ನಗಲಿಲ್ಲ. “ಮದ್ದಿಗೆ ನಾಲಿಗೆ ಕೆಡುತ್ತೆ. ಕೆಲವರಿಗೆ ರುಚಿ ವಾಪಸ್ ಬರುತ್ತೆ. ಬಂದ್ರೆ ಒಳ್ಳೇದು, ತಾನಾಗೇ ಊಟ ಸೇರುತ್ತೆ. ಅಲ್ಲೀವರೆಗೆ ಯಾವುದು ಒಳಗೆ ಹೋಗುತ್ತೋ ಅದನ್ನೇ ಕೊಡಿ. ಪಥ್ಯ ಗಿಥ್ಯ ಏನೂ ಬೇಡ.”

ಮೆಟ್ರೋದಲ್ಲಿ ಏನು ತಿನ್ನುತ್ತೀ ಎಂದು ಕೇಳಿದೆ. ಬಾತುಕೋಳಿ ಅನ್ನಲಿ, ಕಡಲ ಸಿಂಪಿ ಅನ್ನಲಿ, ಎಲ್ಲಿಂದಾದರೂ ತರುವವನಿದ್ದೆ.

“ಸ್ಯಾಂಡ್‌ವಿಚ್ಚು. ಹ್ಯಾಮು, ಬೆಣ್ಣೆ. ಅಷ್ಟೇ.” ಎರಡು ನಿಲ್ದಾಣ ಕಳೆದ ಮೇಲೆ ಸೇರಿಸಿದಳು: “ನನ್ನ ಬೆಣ್ಣೆ. ನಿಂದಲ್ಲ.”

ಅಕ್ಟೋಬರ್ 8, ಭಾನುವಾರ

ನಮ್ಮ ಮನೆಯಲ್ಲಿ ಎರಡು ಬೆಣ್ಣೆ. ನಾನು ಪ್ಯಾರಿಸಿನವನು, ನನ್ನದು ಉಪ್ಪಿಲ್ಲದ್ದು. ಅವಳು ಫ್ರಾನ್ಸಿನ ಪಡುವಣ ಮೂಲೆಯ ಬ್ರಿಟನಿಯ ಕಡಲ ಕಡೆಯವಳು, ಅವಳದು ಕಚಕ್ ಕಚಕ್ ಎಂದು ಹಲ್ಲಿಗೆ ಹರಳು ಸಿಗುವಷ್ಟು ಉಪ್ಪಿರುವುದು. ಮದುವೆಯಾದ ವಾರದಿಂದ ಫ್ರಿಜ್ಜಿನಲ್ಲಿ ಎರಡು ಬಟ್ಟಲು, ಎರಡು ಚಾಕು. ಒಬ್ಬರ ಬಟ್ಟಲಿನದನ್ನು ಇನ್ನೊಬ್ಬರು ತಿಂದದ್ದಿಲ್ಲ.

ಜಗಳ ಶುರುವಾದದ್ದೇ ಇದರಿಂದ. ಮದುವೆಗೆ ಮುಂಚಿನ ಮಾತು, ಪ್ಯಾರಿಸಿನ ಬೆಲ್‌ವಿಲ್‌ನಲ್ಲಿ ಒಂದು ಛಾವಣಿ ಕೆಲಸ ನಡೆಯುತ್ತಿತ್ತು. ಮಧ್ಯಾಹ್ನ ಕೆಳಗಿನ ಕೆಫೆಗೆ ಹೋಗಿ ಎಂದಿನಂತೆ ಹ್ಯಾಮು-ಬೆಣ್ಣೆ ಕೇಳಿದೆ. ಕಟ್ಟೆಯ ಹಿಂದೆ ಹೊಸ ಹುಡುಗಿ, ಇದೇ ಗ್ವೆನೋಲಾ. ಒಂದು ತುತ್ತು ಕಚ್ಚಿದವನೇ, “ಏನಮ್ಮಾ, ಬರೋವಾಗ ಸಮುದ್ರಾನೂ ಚೀಲದಲ್ಲಿ ಹಾಕ್ಕೊಂಡ್ ಬಂದ್ಯಾ?” ಎಂದೆ. ಅವಳು ಬ್ರೆಡ್ಡಿನ ಚಾಕು ಎತ್ತಿಕೊಂಡೇ ಉತ್ತರ ಕೊಟ್ಟಳು: “ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ. ಪ್ಯಾರಿಸಿನೋರಿಗೆ ಎರಡೂ ಗೊತ್ತಿಲ್ಲ ಅಂತ ಕೇಳಿದ್ದೆ, ನಿಜ ಅಂತ ಇವತ್ತು ನೋಡಿದೆ.” ಜಗಳ ಮುಗಿದಿರಲಿಲ್ಲವಲ್ಲ, ಮಾರನೆಯ ದಿನ ಮತ್ತೆ ಹೋದೆ.

ನನ್ನ ವಾದ ಇವತ್ತಿಗೂ ಒಂದೇ. ಹ್ಯಾಮು ಉಪ್ಪಿನಲ್ಲಿ ಊರಿದ ಹಂದಿಮಾಂಸ, ಅದರಲ್ಲೇ ಉಪ್ಪಿದೆ. ಒಬ್ಬರು ಕೂಗುವಾಗ ಇನ್ನೊಬ್ಬರು ಸುಮ್ಮನಿರಬೇಕು, ಆ ಸುಮ್ಮನಿರುವುದೇ ಬೆಣ್ಣೆಯ ಕೆಲಸ.

ಇಷ್ಟು ವರ್ಷ ಮಾಡಿಕೊಟ್ಟದ್ದು ಅವಳು, ತಿಂದದ್ದು ನಾನು. ಇವತ್ತು ಮೊದಲ ಸಲ ನಾನು ಮಾಡಿದೆ. ಅವಳು ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತು ಮೇಸ್ತ್ರಿಯ ಕೆಲಸ ಮಾಡಿದಳು.

“ಬಗೆತ್ ಬ್ರೆಡ್ಡನ್ನ ಪೂರ್ತಿ ಸೀಳಬೇಡ್ವೋ, ಒಂದು ಕಡೆ ಅಂಟಿಕೊಂಡಿರ್ಲಿ. ಪುಸ್ತಕದ ಹಾಗೆ ತೆರಿ. ಬೆಣ್ಣೆ ತಣ್ಣಗಿರೋವಾಗ್ಲೇ ಕೊಯ್ದು ಇಡು, ಗಾರೆ ಮೆತ್ತಿದ ಹಾಗೆ ಮೆತ್ತಬೇಡ. ಅಯ್ಯೋ, ಹ್ಯಾಮನ್ನ ಹಾಸಿಗೆ ಹಾಸಿದ ಹಾಗೆ ಹಾಸ್ತೀಯಲ್ಲೋ! ಮಡಿಸಿ ಇಡು, ಒಳಗೆ ಗಾಳಿ ಇರ್ಲಿ.”

“ನಾನು ಛಾವಣಿ ಹಾಕಿದ್ರೆ ಮೂವತ್ತು ವರ್ಷ ಸೋರಲ್ಲ ಗೊತ್ತಾ?”

“ಅದಕ್ಕೇ ಇದೂ ಮೂವತ್ತು ವರ್ಷ ಅಗಿಯೋ ಹಾಗಿದೆ.”

ಎರಡು ತುತ್ತು ತಿಂದಳು. ಆಮೇಲೆ ಮೇಜಿನ ಮೇಲೆ ಉಳಿದಿದ್ದ ಅರ್ಧ ಬ್ರೆಡ್ಡನ್ನು ನೋಡಿ ಕೈ ಚಾಚಿ ತಿರುಗಿಸಿದಳು. ನಾನು ಬೋರಲು ಇಟ್ಟಿದ್ದೆ. ಹಿಂದೆ ಬೇಕರಿಯವರು ಮರಣದಂಡನೆಗೆ ತಲೆ ಕಡಿಯುವವನ ಬ್ರೆಡ್ಡನ್ನು ಬೋರಲಿಟ್ಟು ಬೇರೆ ತೆಗೆದಿಡುತ್ತಿದ್ದರು; ಬೋರಲು ಬಿದ್ದದ್ದು ಅವನ ಪಾಲು, ಮನೆಗೆ ಕೇಡು ಎಂದು ಅವಳ ಅಜ್ಜಿ ಹೇಳುತ್ತಿದ್ದರಂತೆ. ನಾನು ಎಂದಿನ ಹಾಗೆ ನಕ್ಕೆ. ಹಿಂದಿನ ಕಾಲದವರ ಹುಚ್ಚಿಗೆ ಮದ್ದಿಲ್ಲ.

ಅಕ್ಟೋಬರ್ 17, ಮಂಗಳವಾರ

ಗ್ವೆನೋಲಾಳ ಬಾಯಲ್ಲಿ ಹುಣ್ಣೆದ್ದಿದೆ. ಬ್ರೆಡ್ಡಿನ ಗಟ್ಟಿ ಸಿಪ್ಪೆ ತಾಗಿದರೆ ರಕ್ತ. ಬೇಕರಿಯ ಆರ್ಲೆಟ್ಟಿಗೆ, “ಇನ್ಮೇಲೆ ಬೆಂದದ್ದು ಕಮ್ಮಿ ಇರೋದು ಕೊಡು, ಬೆಳ್ಳಗಿರೋದು,” ಎಂದೆ. ಆರ್ಲೆಟ್ ಬಾಯಿ ತೆರೆದಳು. ಇಷ್ಟು ವರ್ಷ ಕಪ್ಪಗೆ ಬೆಂದದ್ದೇ ಬೇಕು ಎಂದು ಅವಳ ತಲೆ ತಿಂದವನು ನಾನು. ಬೆಳ್ಳಗಿನ ಬ್ರೆಡ್ಡು ತಿನ್ನುವವರು ಹಲ್ಲಿಲ್ಲದವರು ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದವನು. ಏನೋ ಕುಟುಕುತ್ತಾಳೆ ಅಂದುಕೊಂಡೆ. ಏನೂ ಅನ್ನದೆ ಬೆಳ್ಳಗಿನದೊಂದನ್ನು ಹುಡುಕಿ ಕೊಟ್ಟಳು. ಅದು ಇನ್ನೂ ಸಂಕಟ.

ಸಿಪ್ಪೆ ಹೆರೆದು, ಬೆರಳುದ್ದದ ತುಂಡು ಮಾಡಿ ಕೊಟ್ಟೆ. ಒಂದು ತುಂಡು ತಿಂದು, “ಸಾಕು ಕಣೋ, ಉಳಿದದ್ದು ನೀನು ತಿನ್ನು,” ಅಂದಳು. ಎಸೆಯಲು ಮನಸ್ಸು ಬರುವುದಿಲ್ಲ. ದಿನಾ ಹೀಗೇ. ನಿಂತುಕೊಂಡೇ ತಿಂದು ಮುಗಿಸುತ್ತೇನೆ.

ಅಕ್ಟೋಬರ್ 29, ಭಾನುವಾರ

ಇವತ್ತು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನ. ಕುರ್ಚಿ ಹತ್ತಿ ಅಡುಗೆಮನೆಯ ಗಡಿಯಾರ ತಿರುಗಿಸುತ್ತಿದ್ದೆ. ಹಿಂದಿನಿಂದ ಗ್ವೆನೋಲಾ ಕೂಗಿದಳು:

“ಏ ಪ್ಯಾರಿಸಿನವನೇ! ಉಪ್ಪು!”

“ಏನಾಯ್ತೇ?”

“ಉಪ್ಪು ಗೊತ್ತಾಗ್ತಿದೆ ಕಣೋ. ಬೆಣ್ಣೆಯಲ್ಲಿ. ನಾಲಿಗೆ ತುದಿಗೆ ಚುರುಕ್ ಅಂತು.”

ಕುರ್ಚಿಯಿಂದ ಹೇಗೆ ಇಳಿದೆನೋ ತಿಳಿಯದು. ಮಂಡಿ ನೋವೂ ನೆನಪಿಗೆ ಬರಲಿಲ್ಲ. “ನಿಜವಾಗ್ಲೂ?” ಎಂದೆ. “ಸುಳ್ಳು ಹೇಳೋಕೆ ನಾನೇನು ಪ್ಯಾರಿಸಿನೋಳಾ?” ಅಂದಳು. ಮೂರು ತುಂಡು ತಿಂದಳು. ಪುಟ್ಟ ಸೌತೆಯ ಉಪ್ಪಿನಕಾಯಿಯನ್ನೂ ಒಂದು ಕಚ್ಚಿದಳು. ಡಾಕ್ಟರಮ್ಮ ಹೇಳಿದ್ದು ಇದನ್ನೇ. ರುಚಿ ಬಂತು, ಇನ್ನು ಊಟ ಸೇರುತ್ತದೆ, ಮದ್ದೂ ಸಿಗುತ್ತದೆ. ಕೆಳಗೆ ಹೋಗಿ ಕೆಫೆಯಲ್ಲಿ ಒಂದು ಲೋಟ ಬಿಳಿ ವೈನ್ ಕುಡಿದು, ಕಂಡವರಿಗೆಲ್ಲ ಕೈ ಕುಲುಕಿ ಬಂದೆ. ನನ್ನ ಹೆಂಡತಿಗೆ ಉಪ್ಪು ಗೊತ್ತಾಯಿತು ಎಂದು ಯಾರಿಗೆ ಹೇಳುವುದು? ಆದರೂ ಹೇಳಿದೆ.

ನವೆಂಬರ್ 1, ಬುಧವಾರ

ಸತ್ತವರ ಹಬ್ಬ. ಸಂತರ ಹಬ್ಬವೆಂದು ಪಾದ್ರಿ ಹೇಳುತ್ತಾರೆ, ನಾವು ಹೋಗುವುದು ಸಮಾಧಿಗೇ. ಗ್ವೆನೋಲಾ ಹಟ ಹಿಡಿದು ನನ್ನ ಜೊತೆ ನನ್ನಪ್ಪನ ಸಮಾಧಿಗೆ ಬಂದಳು. ಹೂವಿನಂಗಡಿಯ ಮುಂದೆ ಸಮಾಧಿಗೆ ಇಡುವ ಸೇವಂತಿಗೆ ಕುಂಡಗಳ ಸಾಲು. ಅವಳು ಹಳದಿಯದೊಂದನ್ನು ಮುಟ್ಟಿ, “ನಂಗೆ ಬಿಳೀದು ತಾ. ಈ ಹಳದಿ ನಿಮ್ಮಪ್ಪನ ಮೂಗಿನ ಬಣ್ಣ,” ಅಂದಳು. “ಬಾಯಿ ಮುಚ್ಚೇ, ಹಬ್ಬದ ದಿನ,” ಎಂದು ಗದರಿದೆ.

ವಾಪಸು ಬಂದರೆ ಲಿಫ್ಟು ಕೆಟ್ಟಿತ್ತು. ನಮ್ಮದು ಐದನೆಯ ಮಹಡಿ. ಎರಡನೆಯದಕ್ಕೇ ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಬೆನ್ನಿಗೆ ಹತ್ತಿಸಿಕೊಂಡೆ, ಮಕ್ಕಳನ್ನು ಉಪ್ಪುಮೂಟೆ ಹೊತ್ತ ಹಾಗೆ.

“ನಿನ್ನ ಮಂಡಿ ಹೋಗುತ್ತೆ ಕಣೋ.”

“ಸತುವಿನ ಸುರುಳಿ ಹೊತ್ತ ಬೆನ್ನು ಇದು. ಸುಮ್ನೆ ಕೂತ್ಕೋ.”

ಮೂರು ಮಹಡಿಯನ್ನು ಎಲ್ಲೂ ನಿಲ್ಲದೆ ಹತ್ತಿದೆ. ಉಸಿರು ಕೂಡ ಕಟ್ಟಲಿಲ್ಲ. ಬಾಗಿಲ ಮುಂದೆ ಇಳಿಸಿದಾಗ ಹೆಮ್ಮೆಯಿಂದ, “ನೋಡಿದ್ಯಾ, ಈ ವಯಸ್ಸಿನಲ್ಲಿ!” ಎಂದೆ. ಅವಳು ನಗಲಿಲ್ಲ. ಈಗ ಬರೆಯುತ್ತಾ ಕೂತಾಗ ತಿಳಿಯಿತು, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಹೊರೆಯೇ ಇರಲಿಲ್ಲ.

ಆದರೆ ಉಪ್ಪು ಗೊತ್ತಾಗುತ್ತಿದೆಯಲ್ಲ. ಇನ್ನು ಏರುತ್ತದೆ.

ನವೆಂಬರ್ 13, ಸೋಮವಾರ

ಬೆಳಿಗ್ಗೆಯಿಂದ ಏನೂ ಬೇಡ ಅಂದವಳು ಮಧ್ಯಾಹ್ನ ಇದ್ದಕ್ಕಿದ್ದಂತೆ, “ಸ್ಯಾಂಡ್‌ವಿಚ್ ಮಾಡ್ತೀಯಾ?” ಎಂದು ಕೇಳಿದಳು. ಅವಳ ಹಸಿವು ಈಗ ಹಳ್ಳಿಯ ಬಸ್ಸಿದ್ದ ಹಾಗೆ. ಬಂದಾಗ ಹತ್ತಬೇಕು, ಬಿಟ್ಟರೆ ಮತ್ತೆ ಯಾವಾಗಲೋ. ಬ್ರೆಡ್ಡು ಸೀಳಿ ಫ್ರಿಜ್ ತೆರೆದರೆ ಅವಳ ಬಟ್ಟಲು ಖಾಲಿ. ತಳದಲ್ಲಿ ನಾಲ್ಕು ಹರಳು ಉಪ್ಪು ಅಷ್ಟೆ. ಹೊಸ ಬೆಣ್ಣೆ ತಂದು ವಾರವೂ ಆಗಿಲ್ಲ, ಅವಳು ತಿನ್ನುವುದು ಗುಬ್ಬಿಯಷ್ಟು, ಇಷ್ಟು ಬೇಗ ಹೇಗೆ ಮುಗಿಯಿತೋ. ನನ್ನ ಬೆಣ್ಣೆ ಅಕ್ಟೋಬರಿನಲ್ಲಿ ತಂದದ್ದು ಹಾಗೇ ಕೂತಿದೆ.

ಸೋಮವಾರ ಡೈರಿ ಅಂಗಡಿಗೆ ರಜೆ. ದೊಡ್ಡ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಬಸ್ಸು ಹೋಗಿಬಿಡುತ್ತದೆ. ಬೇರೆ ದಾರಿಯಿಲ್ಲದೆ ನನ್ನ ಸಪ್ಪೆ ಬೆಣ್ಣೆಯನ್ನೇ ಕೊಯ್ದು ಇಟ್ಟೆ. ಬಾಯಿಗಿಟ್ಟ ಕೂಡಲೇ ಬೈಯುತ್ತಾಳೆ, ಬೈದರೂ ಸರಿ ಒಂದು ತುಂಡಾದರೂ ಒಳಗೆ ಹೋಗಲಿ ಎಂದುಕೊಂಡೆ. ಬೈಗುಳಕ್ಕೆ ಉತ್ತರವನ್ನೂ ತಯಾರು ಮಾಡಿಕೊಂಡಿದ್ದೆ.

ಅಗಿದಳು. ಕಣ್ಣು ಮುಚ್ಚಿದಳು.

“ಆಹಾ. ಇವತ್ತು ಉಪ್ಪು ಎಷ್ಟು ಹದವಾಗಿದೆ ನೋಡು. ನಮ್ಮೂರ ಬೆಣ್ಣೆ ಅಂದ್ರೆ ಇದು. ಕೊನೆಗೂ ಕೈ ಪಳಗಿತು ನಿಂಗೆ.”

ಪೂರ್ತಿ ತಿಂದಳು. ನಾಲ್ಕು ತುಂಡು. ಹಬ್ಬ ಮಾಡಬೇಕಾದ ದಿನ. ನಾನು ಸಿಂಕಿನ ಹತ್ತಿರ ಹೋಗಿ ನಲ್ಲಿ ಬಿಟ್ಟು ನಿಂತೆ.

ಅವಳಿಗೆ ಏನೂ ಗೊತ್ತಾಗುತ್ತಿಲ್ಲ. ಅವತ್ತೂ ಗೊತ್ತಾಗಿರಲಿಲ್ಲ. ಗಡಿಯಾರ ತಿರುಗಿಸಿದ ದಿನದಿಂದ ನನ್ನ ಮುಖ ನೋಡಿಕೊಂಡು ತಗಡು ಅಗಿದು ನುಂಗುತ್ತಿದ್ದಾಳೆ, ಆಹಾ ಓಹೋ ಅನ್ನುತ್ತಿದ್ದಾಳೆ. ನಾನು ಬೀದಿ ತುಂಬ ಕೈ ಕುಲುಕಿಕೊಂಡು ಬಂದೆ.

“ಯಾಕೋ, ಅಲ್ಲೇ ನಿಂತ್ಬಿಟ್ಟೆ?” ಎಂದು ಕೂಗಿದಳು.

“ಮಂಡಿ ಹಿಡ್ಕೊಂತು.”

“ನಾನು ಹೇಳ್ಲಿಲ್ವಾ ಅವತ್ತು, ಹೊರಬೇಡ ಅಂತ.”

ನವೆಂಬರ್ 14, ಮಂಗಳವಾರ

ಡೈರಿ ಅಂಗಡಿಯವಳು ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಉಪ್ಪಿನ ಬೆಣ್ಣೆ ಎರಡು ಪಾಲು ಕಟ್ಟಿಸಿಕೊಂಡೆ. ಅವಳ ನಾಲಿಗೆಗೆ ವ್ಯತ್ಯಾಸ ಗೊತ್ತಾಗದಿದ್ದರೂ ಹಾಕುವ ಕೈಗೆ ಗೊತ್ತಾಗುತ್ತದೆ. ಅವಳಿಗೆ ಏನೂ ಹೇಳಿಲ್ಲ. ಹೇಳುವುದೂ ಇಲ್ಲ.

ನವೆಂಬರ್ 24, ಶುಕ್ರವಾರ

ಆಸ್ಪತ್ರೆಗೆ ಹೊರಡುವಾಗ ಗ್ವೆನೋಲಾ ನನ್ನ ಕೆಲಸದ ಪೆಟ್ಟಿಗೆ ತೆಗೆದು ಸೀಸದ ಎರಡು ತುಂಡು ಕೈಯಲ್ಲಿ ತೂಗಿ ನೋಡುತ್ತಿದ್ದಳು.

“ಇವನ್ನ ಒಳಂಗಿ ಜೇಬಿಗೆ ಹಾಕ್ಕೊಂಡು ತೂಕಕ್ಕೆ ನಿಂತ್ರೆ ಹೇಗಿರುತ್ತೆ?”

“ನರ್ಸು ಬಟ್ಟೆ ಬಿಚ್ಚಿಸ್ತಾಳೆ.”

“ಹಾಗಾದ್ರೆ ನುಂಗ್ಲಾ?”

ಇಬ್ಬರೂ ನಕ್ಕೆವು. ತುಂಬ ಹೊತ್ತು ನಕ್ಕೆವು, ಅಷ್ಟು ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಡಾಕ್ಟರಮ್ಮ ತೂಕದ ಚೀಟಿ ನೋಡಿ ಪೆನ್ನು ಕೆಳಗಿಟ್ಟರು. “ಇನ್ನು ಈ ಮದ್ದು ಬೇಡ. ನೋವಿಲ್ಲದ ಹಾಗೆ, ಹಿತವಾಗಿರೋ ಹಾಗೆ ನೋಡ್ಕೊಳ್ಳೋಣ.”

“ನಾನು ತಿಂದೆ ಡಾಕ್ಟ್ರೇ,” ಅಂದಳು ಗ್ವೆನೋಲಾ, ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗಿಯ ಹಾಗೆ. “ದಿನಾ ತಿಂದೆ. ರುಚಿನೂ ಬಂದಿದೆ. ಇವರನ್ನೇ ಕೇಳಿ.”

“ಹೌದು, ತಿಂದಳು,” ಎಂದೆ ನಾನು. “ರುಚಿ ಬಂದಿದೆ.”

ಮೆಟ್ರೋದಲ್ಲಿ ನನ್ನ ತೋಳಿಗೆ ತಲೆ ಇಟ್ಟುಕೊಂಡು ಕೇಳಿದಳು: “ಸಿಟ್ಟಾ?”

“ಯಾರ ಮೇಲೆ?”

“ನನ್ನ ಮೇಲೆ.”

“ನಿನ್ನ ಮೇಲೆ ಬೆಲ್‌ವಿಲ್‌ನಲ್ಲಿ ಬಂದ ಸಿಟ್ಟೇ ಇನ್ನೂ ಇಳಿದಿಲ್ಲ. ಹೊಸದಕ್ಕೆ ಜಾಗ ಎಲ್ಲಿದೆ?”

ಇವತ್ತು ಏನೂ ತಿನ್ನಲಿಲ್ಲ. ತಿನ್ನು ಎಂದು ನಾನೂ ಹೇಳಲಿಲ್ಲ. ಇಷ್ಟು ದಿನ ದಿನಾ ಪೀಡಿಸುತ್ತಿದ್ದೆ.

ಡಿಸೆಂಬರ್ 3, ಭಾನುವಾರ

ಅವಳನ್ನು ಆಸ್ಪತ್ರೆಗೆ ಸೇರಿಸಿದೆ. ಮನೆಯಲ್ಲಿ ನೋವು ತಡೆಯಲಾಗಲಿಲ್ಲ. ಕಿಟಕಿಯಿಂದ ಎದುರಿನ ಛಾವಣಿ ಕಾಣುತ್ತದೆ. ಕೆಟ್ಟ ಕೆಲಸ, ತಗಡಿನ ಮಡಿಕೆ ಎಲ್ಲ ಸೊಟ್ಟ. ಅದನ್ನೇ ನೋಡುತ್ತ ಕೂತಿದ್ದೆ.

ಡಿಸೆಂಬರ್ 10, ಭಾನುವಾರ

ಗ್ವೆನೋಲಾಳ ತಮ್ಮ ಯಾನಿಕ್ ಬ್ರಿಟನಿಯ ಕಾಂಕಾರ್ನೋದಿಂದ ರೈಲಿನಲ್ಲಿ ಬಂದ. ಮೀನು ಹಿಡಿಯುವವನು, ಕೋಣೆಯೊಳಗೆ ಎಲ್ಲಿ ಕಾಲಿಡುವುದು, ಎಲ್ಲಿ ಕೈಯಿಡುವುದು ತಿಳಿಯದೆ ನಿಂತ. ಕೋಟಿನೊಳಗಿಂದ ಒದ್ದೆ ಕಾಗದದ ಪೊಟ್ಟಣ ತೆಗೆದ. ಊರಿನ ಬೆಣ್ಣೆ. ಹಳದಿ ಮುದ್ದೆಯಲ್ಲಿ ದಪ್ಪ ಉಪ್ಪಿನ ಹರಳು ಬರಿಗಣ್ಣಿಗೇ ಕಾಣುತ್ತಿದ್ದವು.

ಕಿಟಕಿಯ ಕಟ್ಟೆಯ ಮೇಲೆ ನನ್ನ ಜೇಬುಚಾಕುವಿನಿಂದ ಬಗೆತ್ ಸೀಳಿದೆ, ಒಂದು ಕಡೆ ಅಂಟಿಕೊಂಡಿರುವ ಹಾಗೆ. ಬೆಣ್ಣೆ ಕೊಯ್ದು ಇಟ್ಟೆ, ಹ್ಯಾಮು ಮಡಿಸಿ ಇಟ್ಟೆ. ನರ್ಸು ನೋಡಿಯೂ ನೋಡದ ಹಾಗೆ ಹೋದಳು. ತಿನ್ನಲಾಗುವುದಿಲ್ಲವೆಂದು ಗೊತ್ತಿತ್ತು. ಸ್ಯಾಂಡ್‌ವಿಚ್ಚನ್ನು ಅವಳ ಮೂಗಿನ ಹತ್ತಿರ ಹಿಡಿದೆ. ಆಮೇಲೆ ಒಳಗಿನಿಂದ ಒಂದು ಚೂರು ಬೆಣ್ಣೆ, ಹರಳು ಇದ್ದ ಜಾಗದ್ದೇ ನೋಡಿ ಬೆರಳಿನಿಂದ ತೆಗೆದು ನಾಲಿಗೆಗಿಟ್ಟೆ.

ಬಾಯಿ ಮುಚ್ಚಿಕೊಂಡಳು. ನಿದ್ದೆ ಹೋದಳು ಅಂದುಕೊಂಡೆವು.

“ಏ ಪ್ಯಾರಿಸಿನವನೇ.”

“ಹೇಳು.”

“ಇದು ನಿಂದು.”

“ಏನು ನಂದು?”

“ಬೆಣ್ಣೆ. ಸಪ್ಪೆ. ಸಾಯೋಳಿಗೆ ಏನು ಗೊತ್ತಾಗುತ್ತೆ ಅಂತ ನಿಂದನ್ನ ಹಾಕ್ಬಿಟ್ಟೆ ಅಲ್ವಾ?”

ಯಾನಿಕ್ ಬಾಯಿ ತೆರೆದ. “ಇಲ್ಲಕ್ಕಾ, ಇದು ನಾನೇ ಊರಿಂದ—”

ಅವನ ಕಾಲು ತುಳಿದೆ. ಛಾವಣಿಯವನ ಬೂಟು, ಚೆನ್ನಾಗಿಯೇ ತಾಗಿರಬೇಕು.

“ಸಿಕ್ಕಿಬಿದ್ದೆ ಬಿಡು,” ಎಂದೆ. “ಅಂಗಡಿ ಬಾಗಿಲು ಹಾಕಿತ್ತು. ಒಂದು ಸಲ ನಡೆದುಹೋಗುತ್ತೆ ಅಂದ್ಕೊಂಡೆ.”

“ನಡೆದುಹೋಗುತ್ತಂತೆ! ನನ್ನ ನಾಲಿಗೆ ಹತ್ರ!”

ಅವಳ ಮುಖ ಅರಳಿತು. ಎಷ್ಟೋ ವಾರಗಳಿಂದ ಹಾಗೆ ಅರಳಿರಲಿಲ್ಲ. ಹಾಸಿಗೆ ಸರಿಮಾಡಲು ಬಂದ ನರ್ಸಿಗೂ ಹೇಳಿದಳು: “ನೋಡಮ್ಮ ಈ ಮನುಷ್ಯನ್ನ. ಇಷ್ಟು ವರ್ಷ ಸಂಸಾರ ಮಾಡಿ ಕೊನೆಗೆ ಬೆಣ್ಣೆಯಲ್ಲಿ ಮೋಸ ಮಾಡೋಕೆ ಬಂದ. ಹಿಡಿದ್ಬಿಟ್ಟೆ.” ಹಿಡಿದ್ಬಿಟ್ಟೆ, ಹಿಡಿದ್ಬಿಟ್ಟೆ ಅನ್ನುತ್ತಲೇ ನಿದ್ದೆಗೆ ಜಾರಿದಳು.

ಹೊರಗೆ ಯಾನಿಕ್ ಗೋಡೆಗೆ ಒರಗಿ ಅಳುತ್ತಿದ್ದ. “ಯಾಕೆ ಭಾವ ಹಾಗಂದ್ರಿ? ಅವಳಿಗೆ ಅಂತಾನೇ ಅಷ್ಟು ದೂರದಿಂದ ತಂದಿದ್ದೆ. ಊರಿನ ಬೆಣ್ಣೆ ತಿಂದೆ ಅಂತ ಗೊತ್ತಾಗಬೇಡ್ವಾ?”

“ಅವಳು ಗೆದ್ದಳಲ್ಲ ಮಾರಾಯ,” ಎಂದೆ.

ಸ್ಯಾಂಡ್‌ವಿಚ್ಚನ್ನು ಅರ್ಧ ಮಾಡಿ ಇಬ್ಬರೂ ಅಲ್ಲೇ ನಿಂತು ತಿಂದೆವು.

ಡಿಸೆಂಬರ್ 13, ಬುಧವಾರ

ಬೆಳಿಗ್ಗೆ ಹೋದಳು. ನಾನು ಕಾಫಿಗೆಂದು ಕೆಳಗೆ ಇಳಿದಿದ್ದೆ.

ಜನವರಿ 6, ಶನಿವಾರ

ಅವಳ ಸಮಾಧಿಗೆ ಬಿಳಿ ಸೇವಂತಿಗೆ ಎಲ್ಲೂ ಸಿಗಲಿಲ್ಲ, ಇದು ಅದರ ಕಾಲವಲ್ಲವಂತೆ. ನವೆಂಬರಿನವರೆಗೆ ಕಾಯಬೇಕು.

ಇವತ್ತು ಬೇಕರಿಗೆ ಹೋದೆ. “ಮಾಮೂಲಿದೇನಾ?” ಎಂದು ಕೇಳಿದಳು ಆರ್ಲೆಟ್. ಹೂಂ ಅಂದೆ. ಬೆಳ್ಳಗಿನದನ್ನೇ ಆರಿಸಿ ಕಾಗದ ಸುತ್ತಿ ಕೊಟ್ಟಳು. ಅಲ್ಲಿಂದ ಡೈರಿ ಅಂಗಡಿ. ಎರಡು ಗುಡ್ಡೆ ಬೆಣ್ಣೆಯ ಮುಂದೆ ಕೊಯ್ಯುವ ತಂತಿ ಹಿಡಿದು ನಿಂತ ಅಂಗಡಿಯವಳು, “ಎರಡೂ ಕೊಯ್ಯಲಾ?” ಅಂದಳು. ಒಂದು ಸಾಕು ಅಂದೆ. “ಯಾವುದು?” ಅಂದಳು. ನನಗೆ ಸುಮ್ಮಸುಮ್ಮನೆ ಸಿಟ್ಟು ಬಂತು. “ದಿನಾ ಒಯ್ಯೋನು ನಾನು. ಅದನ್ನೂ ಕೇಳಬೇಕಾ?” ಪಾಪ, ಬಲಗಡೆಯ ಗುಡ್ಡೆಯಿಂದ ಉಪ್ಪಿನದನ್ನೇ ಕೊಯ್ದು ಕಟ್ಟಿಕೊಟ್ಟಳು.

ಮನೆಗೆ ಬಂದು ಫ್ರಿಜ್ ತೆರೆದೆ. ಹಳೆಯ ಸಪ್ಪೆ ಬೆಣ್ಣೆ ಅಂಚಿನಲ್ಲಿ ಕಂದಿ ಕಮಟು ವಾಸನೆ ಬಂದಿತ್ತು. ಬಟ್ಟಲು ಸಮೇತ ಕಸಕ್ಕೆ ಹಾಕಿದೆ. ಬ್ರೆಡ್ಡನ್ನು ಮೇಜಿನ ಮೇಲೆ ಎಸೆದಿದ್ದೆ, ಬೋರಲು ಬಿದ್ದಿತ್ತು. ತಿರುಗಿಸಿ ಇಟ್ಟೆ.

ಸೀಳಿ, ಬೆಣ್ಣೆ ಇಟ್ಟು, ಹ್ಯಾಮು ಮಡಿಸಿ ಇಟ್ಟು, ಸಿಪ್ಪೆಯೆಲ್ಲ ಹೆರೆದು, ಬೆರಳುದ್ದ ತುಂಡು ಮಾಡಿ ತಟ್ಟೆಯಲ್ಲಿ ಜೋಡಿಸಿದೆ. ಕೂತ ಮೇಲೆ ನೋಡಿದರೆ, ನನಗೆ ಹಲ್ಲೆಲ್ಲ ಗಟ್ಟಿಯಾಗೇ ಇವೆಯಲ್ಲ.

ಒಂದು ತುಂಡು ಬಾಯಿಗಿಟ್ಟೆ. ಉಪ್ಪು ಕಮ್ಮಿ ಅನಿಸಿತು. ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ಮೇಲೆ ಒಂದು ಚಿಟಿಕೆ ಉದುರಿಸಿದೆ. ತಿಂದು ನೋಡಿದೆ. ಇನ್ನೊಂದು ಚಿಟಿಕೆ ಹಾಕಿದೆ.